ಲಕ್ವಕ್ಕೆ ನಾಲ್ಕೂವರೆ ಗಂಟೆಯೋ, 24 ಗಂಟೆಯೋ? ಮಲೆನಾಡಿನಿಂದ ನೋಡಿದರೆ ಲೆಕ್ಕವೇ ಬೇರೆ

ಲಕ್ವದ ಚಿಕಿತ್ಸೆ ಬಗ್ಗೆ ಈಚೆಗೆ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಯಾರಿಗಾದರೂ ತಲೆ ಗೊಂದಲವಾಗುತ್ತದೆ. ನಾಲ್ಕೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಬೇಕು ಎಂದು ಒಂದು ಕಡೆ ಬರೆದಿರುತ್ತದೆ. 24 ಗಂಟೆ ಕಳೆಯುವವರೆಗೂ ತೊಡೆಸಂದಿಯಿಂದ ತಂತಿ ಹಾಕಿ ಮೆದುಳಿನ ಹೆಪ್ಪು ತೆಗೆಯಬಹುದು ಎಂದು ಇನ್ನೊಂದು ಕಡೆ. 2025ರ ಫೆಬ್ರವರಿಯಲ್ಲಿ, ಸಣ್ಣ ರಕ್ತನಾಳದ ಹೆಪ್ಪಿಗೆ ಈ ತಂತಿಯಿಂದ ಲಾಭ ಕಾಣಲಿಲ್ಲ ಎಂಬ ಸುದ್ದಿ ಬಂತು. ಅದೇ ವರ್ಷದ ಕೊನೆಗೆ ದೆಹಲಿಯ ಏಮ್ಸ್ ನೇತೃತ್ವದಲ್ಲಿ 'ಸೂಪರ್‌ನೋವಾ' ಎಂಬ ಹೆಪ್ಪು ತೆಗೆಯುವ ಸ್ಟೆಂಟ್ ಅನ್ನು ನಮ್ಮ ದೇಶದ ರೋಗಿಗಳ ಮೇಲೆ ಪರೀಕ್ಷಿಸಿದ್ದು, ಇನ್ನು ಕಡಿಮೆ ಖರ್ಚಿನಲ್ಲಿ ಸಿಗಬಹುದು ಎನ್ನುವುದು ಸುದ್ದಿಯಾಯಿತು.

ಇವೆಲ್ಲವೂ ನಿಜ. ಒಂದಕ್ಕೊಂದು ವಿರುದ್ಧವೂ ಅಲ್ಲ. ಆದರೆ ಹೊಸನಗರದ ಒಳಹಳ್ಳಿಯಲ್ಲೋ, ಸೊರಬದ ಕಡೆಯ ಒಂಟಿಮನೆಯಲ್ಲೋ ಕೂತು ಓದುವವರಿಗೆ ಇದರಲ್ಲಿ ಒಂದು ಮಾತು ಅಪಾಯ ತರಬಹುದು. ಅದು '24 ಗಂಟೆ'. "ಟೈಮ್ ಇದೆಯಲ್ಲ, ಬೆಳಗಾಗಲಿ, ಬಸ್ಸಿಗೆ ಹೋದರಾಯ್ತು" ಎಂಬ ಮಾತಿಗೆ ಅದು ಸುಲಭವಾಗಿ ನೆಪವಾಗುತ್ತದೆ. ಹಾಗಾಗಿ ಈ 24 ಗಂಟೆ ಯಾರಿಗೆ ಅನ್ವಯಿಸುತ್ತದೆ, ಎಲ್ಲಿಂದ ಬಂತು, ಶಿವಮೊಗ್ಗ ಜಿಲ್ಲೆಯ ದಾರಿಗಳಲ್ಲಿ ಅದರ ಅರ್ಥವೇನು ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಒಂದೇ ಹೆಸರು, ಎರಡು ಕಾಯಿಲೆ

ಬಾಯಿ ಸೊಟ್ಟಗಾಯಿತು, ಒಂದು ಕಡೆಯ ಕೈಕಾಲು ಬಿತ್ತು, ಮಾತು ತೊದಲಿತು ಎಂದರೆ ನಾವು ಲಕ್ವ ಹೊಡೀತು ಎನ್ನುತ್ತೇವೆ. ಒಳಗೆ ಆಗಿರುವುದು ಎರಡರಲ್ಲಿ ಒಂದು. ಹತ್ತರಲ್ಲಿ ಸುಮಾರು ಎಂಟು ಜನರಿಗೆ ಮೆದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿಕೊಂಡಿರುತ್ತದೆ. ಉಳಿದವರಿಗೆ ರಕ್ತನಾಳ ಒಡೆದು ರಕ್ತ ಸೋರಿರುತ್ತದೆ. ರೋಗಿಯ ಮುಖ ನೋಡಿ, ಬಿಪಿ ನೋಡಿ ಇದು ಯಾವುದು ಎಂದು ಎಷ್ಟೇ ಅನುಭವಿ ಡಾಕ್ಟರಾದರೂ ಖಂಡಿತವಾಗಿ ಹೇಳಲಾರರು. ಅದಕ್ಕೆ ಸಿಟಿ ಸ್ಕ್ಯಾನ್ ಬೇಕೇ ಬೇಕು.

ಒಡೆದಿದ್ದರೆ ಸ್ಕ್ಯಾನ್‌ನಲ್ಲಿ ರಕ್ತ ಬಿಳಿ ಮಚ್ಚೆಯಾಗಿ ಕೂಡಲೇ ಕಾಣುತ್ತದೆ. ಕಟ್ಟಿಕೊಂಡಿದ್ದರೆ ಮೊದಲ ಕೆಲವು ಗಂಟೆ ಸ್ಕ್ಯಾನ್ ಹೆಚ್ಚುಕಡಿಮೆ ಮಾಮೂಲಿಯಂತೆಯೇ ಇರುತ್ತದೆ. ಮನೆಯವರು ಎಡವುವುದು ಇಲ್ಲೇ. "ಸ್ಕ್ಯಾನ್ ನಾರ್ಮಲ್ ಬಂತಂತೆ" ಎಂದು ನೆಮ್ಮದಿಯಾಗಿ ವಾಪಸ್ ಹೊರಡುತ್ತಾರೆ. ಕೈ ಬಿದ್ದಿರುವ ರೋಗಿಯ ಸ್ಕ್ಯಾನ್ ನಾರ್ಮಲ್ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ರಕ್ತ ಸೋರಿಲ್ಲ, ಹೆಪ್ಪು ಕರಗಿಸುವ ಔಷಧಿ ಕೊಡುವ ಬಗ್ಗೆ ಯೋಚಿಸಬಹುದು ಎಂದರ್ಥ. ಅಂದರೆ ಓಟ ಶುರುವಾಗುವುದೇ ಅಲ್ಲಿಂದ.

ಇಂಜೆಕ್ಷನ್ನಿನ ಗಡಿಯಾರ

ಹೆಪ್ಪು ಕರಗಿಸುವ ಇಂಜೆಕ್ಷನ್ ಲಕ್ವದಲ್ಲಿ ಕೆಲಸ ಮಾಡುತ್ತದೆ ಎಂದು 1995ರಲ್ಲಿ ಅಮೆರಿಕದ ಒಂದು ದೊಡ್ಡ ಪರೀಕ್ಷೆ ತೋರಿಸಿತು. ಆಗ ಇದ್ದ ಗಡುವು ಮೂರು ಗಂಟೆ. 2008ರಲ್ಲಿ ಯುರೋಪಿನ ಪರೀಕ್ಷೆಯೊಂದು ಅದನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ನಾವು ಕೇಳುತ್ತಿರುವ ನಾಲ್ಕೂವರೆ ಗಂಟೆ ಅಲ್ಲಿಂದ ಬಂದದ್ದು.

ಗಡುವು ಯಾಕೆ? ರಕ್ತ ಸಿಗದ ಮೆದುಳಿನ ಭಾಗ ಹೊತ್ತು ಹೋದಂತೆ ಸಾಯುತ್ತದೆ, ಅಲ್ಲಿನ ರಕ್ತನಾಳದ ಗೋಡೆಯೂ ಹದಗೆಡುತ್ತದೆ. ತಡವಾಗಿ ಕರಗಿಸಿ ರಕ್ತ ನುಗ್ಗಿಸಿದರೆ ಆ ಗೋಡೆ ಒಡೆದು ಸೋರುವ ಅಪಾಯ ಜಾಸ್ತಿ. ದೊಡ್ಡ ರಕ್ತನಾಳ ಕಟ್ಟಿಕೊಂಡರೆ ಸರಾಸರಿ ಒಂದು ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವನ್ನು 2006ರಲ್ಲಿ ಹಾಕಿದ್ದರು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹತ್ತಿರ ಹತ್ತಿರ 60 ಕಿಲೋಮೀಟರ್. ಒಂದೂವರೆ ಗಂಟೆಯ ಪ್ರಯಾಣ ಎಂದಿಟ್ಟುಕೊಂಡು ನೀವೇ ಗುಣಿಸಿ ನೋಡಿ.

ಈ ಇಂಜೆಕ್ಷನ್ನಿಗೆ ಇನ್ನೊಂದು ಮಿತಿ ಇದೆ. ಸಣ್ಣ ಹೆಪ್ಪನ್ನು ಅದು ಚೆನ್ನಾಗಿ ಕರಗಿಸುತ್ತದೆ. ದೊಡ್ಡ ರಕ್ತನಾಳದಲ್ಲಿ ಸಿಕ್ಕಿಕೊಂಡ ಉದ್ದನೆಯ ಹೆಪ್ಪು ಬಹಳ ಸಲ ಜಗ್ಗುವುದಿಲ್ಲ. ತಂತಿಯ ಚಿಕಿತ್ಸೆ ಬೇಕಾಗುವುದು ಅಲ್ಲಿ.

ಟೇಬಲ್ ಮೇಲೆ ಏನಾಗುತ್ತದೆ

ಚಿತ್ರ ನೋಡಿಕೊಂಡು ಸೂಜಿ, ತಂತಿ, ಕೊಳವೆಗಳಿಂದಲೇ ಚಿಕಿತ್ಸೆ ಮಾಡುವ ವಿಭಾಗಕ್ಕೆ ಇಂಟರ್ವೆನ್ಷನಲ್ ರೇಡಿಯಾಲಜಿ ಎನ್ನುತ್ತಾರೆ. ಸೂಜಿ ಚುಚ್ಚಿ, ಅದರೊಳಗಿಂದ ತಂತಿ ಬಿಟ್ಟು, ತಂತಿಯ ಮೇಲೆ ಕೊಳವೆ ಜಾರಿಸುವ ಸರಳ ಉಪಾಯವನ್ನು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. 1964ರ ಜನವರಿಯಲ್ಲಿ ಅಮೆರಿಕದ ಚಾರ್ಲ್ಸ್ ಡಾಟರ್, ಕಾಲು ಕತ್ತರಿಸಬೇಕು ಎಂದಿದ್ದ ವೃದ್ಧೆಯೊಬ್ಬರ ಕಟ್ಟಿದ ರಕ್ತನಾಳವನ್ನು ಇದೇ ದಾರಿಯಲ್ಲಿ ಬಿಡಿಸಿದರು. ಎಕ್ಸ್‌ರೇ ನೋಡಿ ವರದಿ ಬರೆಯುತ್ತಿದ್ದ ಡಾಕ್ಟರು ತಾವೇ ಚಿಕಿತ್ಸೆಗೆ ಇಳಿದದ್ದು ಹೀಗೆ.

ಮೆದುಳಿಗೆ ಹೋಗುವಾಗಲೂ ಅದೇ ಉಪಾಯ. ತೊಡೆಸಂದಿಯಲ್ಲಿ, ಕೆಲವೊಮ್ಮೆ ಮಣಿಕಟ್ಟಿನಲ್ಲಿ ಚುಚ್ಚುತ್ತಾರೆ. ಮೂರು ಮಿಲಿಮೀಟರಿಗಿಂತ ಸಣ್ಣ ಕೊಳವೆಯೊಂದು ಹೊಟ್ಟೆ, ಎದೆ ದಾಟಿ ಕುತ್ತಿಗೆಯ ರಕ್ತನಾಳಕ್ಕೆ ಏರುತ್ತದೆ. ಎದುರಿನ ಪರದೆಯ ಮೇಲೆ ಬಣ್ಣದ ಔಷಧಿ ಬಿಟ್ಟಾಗ ರಕ್ತನಾಳಗಳು ಎಲೆ ಉದುರಿದ ಮರದ ಕೊಂಬೆಗಳಂತೆ ಕಪ್ಪಗೆ ಹರಡಿಕೊಳ್ಳುತ್ತವೆ. ಒಂದು ಕೊಂಬೆ ಮಾತ್ರ ನಡುವೆ ಕತ್ತರಿಸಿದಂತೆ ನಿಂತುಬಿಟ್ಟಿರುತ್ತದೆ. ಹೆಪ್ಪು ಇರುವುದು ಅಲ್ಲಿ. ಕೂದಲಿನಷ್ಟು ನವಿರಾದ ತಂತಿಯನ್ನು ಅದರ ಪಕ್ಕದಿಂದ ದಾಟಿಸಿ, ಅದರ ಮೇಲೆ ಇನ್ನೂ ಸಣ್ಣ ಕೊಳವೆ ತೂರಿಸಿ, ಒಳಗಿಂದ ಬಲೆಯಂಥ ಸ್ಟೆಂಟ್ ಬಿಚ್ಚುತ್ತಾರೆ. ಬಲೆಯ ಕಣ್ಣುಗಳು ಹೆಪ್ಪಿನೊಳಗೆ ಕಚ್ಚಿಕೊಳ್ಳಲೆಂದು ಕೆಲವು ನಿಮಿಷ ಸುಮ್ನೆ ಕಾಯುತ್ತಾರೆ. ಆಮೇಲೆ ದೊಡ್ಡ ಕೊಳವೆಯಿಂದ ಹೀರುತ್ತಾ ನಿಧಾನಕ್ಕೆ ಹಿಂದಕ್ಕೆ ಎಳೆಯುತ್ತಾರೆ. ಬಲೆಗೆ ಅಂಟಿ ಹೊರಬರುವುದು ಅನ್ನದ ಅಗುಳಿನಷ್ಟು ದಪ್ಪದ, ಒಂದೆರಡು ಅಗುಳಿನಷ್ಟು ಉದ್ದದ ಕರಿಗೆಂಪು ಚೂರು. ಒಬ್ಬ ಮನುಷ್ಯನ ಅರ್ಧ ದೇಹವನ್ನು ನಿಲ್ಲಿಸಿದ್ದು ಅಷ್ಟೇ ಅಷ್ಟು!

ಹೀಗೆ ಬಿಟ್ಟು ಎಳೆಯುವ ಸ್ಟೆಂಟ್ ಒಳಗೇ ಉಳಿಯುವುದಿಲ್ಲ. ಹೃದಯಕ್ಕೆ ಹಾಕುವ ಸ್ಟೆಂಟಿಗೂ ಇದಕ್ಕೂ ಅದೇ ವ್ಯತ್ಯಾಸ. ಹೆಸರು ಒಂದೇ ಆದ್ದರಿಂದ ಬಹಳ ಜನ ತಪ್ಪು ತಿಳಿದುಕೊಳ್ಳುತ್ತಾರೆ.

ಸೋತ ವರ್ಷ, ಗೆದ್ದ ವರ್ಷ

ಕೇಳಲು ಇಷ್ಟು ಚೆಂದ ಇರುವ ಚಿಕಿತ್ಸೆ ಶುರುವಿನಲ್ಲಿ ಸೋತಿತ್ತು. 2013ರಲ್ಲಿ ಒಟ್ಟಿಗೆ ಪ್ರಕಟವಾದ ಮೂರು ಪರೀಕ್ಷೆಗಳೂ ಲಾಭ ಇಲ್ಲ ಎಂದವು. ಕಾರಣ ಹುಡುಕಿದಾಗ ಮೂರು ಸಂಗತಿ ಸಿಕ್ಕವು. ಆಗಿನ ಹಳೆಯ ಸಾಧನಗಳು ಹೆಪ್ಪನ್ನು ಸರಿಯಾಗಿ ತೆಗೆಯುತ್ತಿರಲಿಲ್ಲ. ಚಿಕಿತ್ಸೆ ತಡವಾಗುತ್ತಿತ್ತು. ದೊಡ್ಡ ರಕ್ತನಾಳ ನಿಜವಾಗಿ ಕಟ್ಟಿದೆಯೇ ಎಂದು ಮೊದಲೇ ನೋಡದೆ ಎಷ್ಟೋ ಜನರನ್ನು ಸೇರಿಸಿಕೊಂಡಿದ್ದರು.

ಈ ತಪ್ಪುಗಳನ್ನು ತಿದ್ದಿಕೊಂಡು ಮಾಡಿದ ಐದು ಪರೀಕ್ಷೆಗಳು 2015ರಲ್ಲಿ ಒಂದರ ಹಿಂದೆ ಒಂದು ಬಂದವು. ಅವುಗಳ 1,287 ರೋಗಿಗಳ ಮಾಹಿತಿ ಸೇರಿಸಿ ನೋಡಿದಾಗ, ತಂತಿಯ ಚಿಕಿತ್ಸೆ ಪಡೆದ 100 ಜನರಲ್ಲಿ 46 ಜನ ಮೂರು ತಿಂಗಳ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಾಗಿದ್ದರು. ಔಷಧಿ ಮಾತ್ರ ಪಡೆದವರಲ್ಲಿ ಹಾಗಾದವರು 26-27 ಜನ. ವೈದ್ಯಕೀಯದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಸುಲಭಕ್ಕೆ ಸಿಗುವುದಿಲ್ಲ. ಆದರೆ ಆ ಸಂಖ್ಯೆಯನ್ನು ತಿರುಗಿಸಿಯೂ ನೋಡಬೇಕು. ಚಿಕಿತ್ಸೆ ಸಿಕ್ಕರೂ ಅರ್ಧಕ್ಕಿಂತ ಜಾಸ್ತಿ ಜನ ಪೂರ್ತಿ ಸ್ವತಂತ್ರರಾಗಲಿಲ್ಲ. ರಕ್ತನಾಳ ತೆರೆಯಿತು, ಆದರೆ ಅಷ್ಟರಲ್ಲಿ ಮೆದುಳಿಗೆ ಪೆಟ್ಟು ಬಿದ್ದಾಗಿತ್ತು.

24 ಗಂಟೆ ಎಲ್ಲಿಂದ ಬಂತು

ಮಳೆಗಾಲದಲ್ಲಿ ಹೆದ್ದಾರಿಗೆ ಮರ ಬಿದ್ದರೆ ಏನಾಗುತ್ತದೆ? ಬಸ್ಸು, ಲಾರಿ ನಿಲ್ಲುತ್ತವೆ. ಒಳದಾರಿ ಇದ್ದರೆ ಬೈಕು, ಜೀಪು ಸುತ್ತಿ ಬಳಸಿ ಊರು ಸೇರುತ್ತವೆ. ಊರಿಗೆ ಪೂರ್ತಿ ಸಾಮಾನು ಬರುವುದಿಲ್ಲ, ಆದರೆ ಹಾಲು, ಔಷಧಿಗೆ ತೊಂದರೆ ಇಲ್ಲ. ಒಳದಾರಿ ಇಲ್ಲದ ಊರು ಒಂದೇ ದಿನದಲ್ಲಿ ಕಂಗಾಲಾಗುತ್ತದೆ.

ಮೆದುಳಿನಲ್ಲೂ ಇಂಥ ಒಳದಾರಿಗಳಿವೆ. ಮುಖ್ಯ ರಕ್ತನಾಳ ಕಟ್ಟಿದಾಗ ಪಕ್ಕದ ಸಣ್ಣ ನಾಳಗಳು ಸ್ವಲ್ಪ ರಕ್ತ ತಂದು ಹಾಕುತ್ತವೆ. ಇವು ಚೆನ್ನಾಗಿರುವವರಲ್ಲಿ ನಟ್ಟನಡುವಿನ ಒಂದು ಭಾಗ ಬೇಗ ಸತ್ತರೂ, ಸುತ್ತಲಿನ ದೊಡ್ಡ ಭಾಗ ಹಸಿದುಕೊಂಡೇ ಎಷ್ಟೋ ಗಂಟೆ ಜೀವ ಹಿಡಿದಿರುತ್ತದೆ. ಒಳದಾರಿ ಸರಿಯಿಲ್ಲದವರಲ್ಲಿ ಎರಡು-ಮೂರು ಗಂಟೆಯಲ್ಲೇ ಬಹುಪಾಲು ಮುಗಿದಿರುತ್ತದೆ. ಯಾರಿಗೆ ಎಷ್ಟು ಒಳದಾರಿ ಇದೆ ಎಂದು ಮನೆಯಲ್ಲಿ ಕೂತು ಹೇಳಲು ಬರುವುದಿಲ್ಲ. ವಿಶೇಷ ಸ್ಕ್ಯಾನ್ ಮಾಡಿದರೆ ಸತ್ತ ಭಾಗ ಎಷ್ಟು, ಹಸಿದ ಭಾಗ ಎಷ್ಟು ಎಂದು ಅಂದಾಜು ಸಿಗುತ್ತದೆ.

2018ರಲ್ಲಿ ಬಂದ 'ಡಾನ್' ಎಂಬ ಪರೀಕ್ಷೆ ಇದನ್ನೇ ಬಳಸಿತು. ಆರರಿಂದ 24 ಗಂಟೆಯೊಳಗೆ ಬಂದ ಎಲ್ಲರನ್ನೂ ಅದು ತೆಗೆದುಕೊಳ್ಳಲಿಲ್ಲ. ಸತ್ತ ಭಾಗ ಸಣ್ಣದು, ಲಕ್ಷಣ ಮಾತ್ರ ದೊಡ್ಡದು ಎನ್ನುವಂಥ 206 ಜನರನ್ನು ಆರಿಸಿಕೊಂಡಿತು. ಅವರಲ್ಲಿ ತಂತಿಯ ಚಿಕಿತ್ಸೆ ಪಡೆದ 100ಕ್ಕೆ 49 ಜನ ಸ್ವತಂತ್ರರಾದರು, ಪಡೆಯದವರಲ್ಲಿ 13 ಜನ ಮಾತ್ರ. ಆರರಿಂದ 16 ಗಂಟೆಯ ಇನ್ನೊಂದು ಪರೀಕ್ಷೆಯಲ್ಲೂ ಹೀಗೇ ಆಯಿತು.

ಒಂದು ವಿಚಿತ್ರ ಗಮನಿಸಿದಿರಾ? ತಡವಾಗಿ ಬಂದವರ 49, ಬೇಗ ಬಂದವರ 46ಕ್ಕಿಂತ ಜಾಸ್ತಿ. ತಡ ಮಾಡಿದರೆ ಒಳ್ಳೆಯದಾಗುತ್ತದೆ ಎಂದು ಇದರ ಅರ್ಥವಲ್ಲ. ಒಳದಾರಿ ಗಟ್ಟಿ ಇದ್ದವರು ಮಾತ್ರ ಆ ಹೊತ್ತಿನವರೆಗೆ ಚಿಕಿತ್ಸೆಗೆ ಉಳಿದಿದ್ದರು. ಉಳಿದವರು ಜರಡಿಯಲ್ಲಿ ಆಗಲೇ ಜಾರಿ ಹೋಗಿದ್ದರು, ಅವರು ಲೆಕ್ಕಕ್ಕೇ ಬರಲಿಲ್ಲ. ಪತ್ರಿಕೆಯ ತಲೆಬರಹದಲ್ಲಿ ಬಿಟ್ಟುಹೋಗುವುದು ಈ ಜರಡಿಯ ವಿಷಯ. 24 ಗಂಟೆ ಎನ್ನುವುದು ಗಡಿಯಾರ ಕೊಟ್ಟ ಸಮಯವಲ್ಲ, ಆ ರೋಗಿಯ ಸ್ಕ್ಯಾನ್ ಕೊಟ್ಟ ಸಮಯ. ರಾತ್ರಿ ಚೆನ್ನಾಗಿ ಮಲಗಿ ಬೆಳಿಗ್ಗೆ ಲಕ್ವದೊಂದಿಗೆ ಎದ್ದವರಿಗೆ ಇದು ನಿಜಕ್ಕೂ ದೊಡ್ಡ ವರ. ಅವರಿಗೆ ಯಾವಾಗ ಹೊಡೆಯಿತು ಎಂಬುದೇ ಗೊತ್ತಿರುವುದಿಲ್ಲ, ಹಾಗಾಗಿ ಮೊದಲೆಲ್ಲ ಅವರನ್ನು ಬಾಗಿಲಲ್ಲೇ ಕೈಬಿಡುತ್ತಿದ್ದರು.

ಜರಡಿಯ ಕಣ್ಣು ಈಗ ಇನ್ನೂ ಸ್ವಲ್ಪ ದೊಡ್ಡದಾಗಿದೆ. ಸತ್ತ ಭಾಗ ದೊಡ್ಡದಿದ್ದರೂ ಹೆಪ್ಪು ತೆಗೆಯುವುದು ಮೇಲು ಎಂದು 2022ರಲ್ಲಿ ಜಪಾನಿನ ಪರೀಕ್ಷೆ ತೋರಿಸಿತು. ಅಲ್ಲಿ ತಮ್ಮಷ್ಟಕ್ಕೆ ನಡೆದಾಡುವಂತಾದವರು 100ಕ್ಕೆ 31, ಚಿಕಿತ್ಸೆ ಇಲ್ಲದಿದ್ದರೆ 13ರಷ್ಟು. ಆಮೇಲಿನ ಬೇರೆ ದೇಶಗಳ ಪರೀಕ್ಷೆಗಳೂ ಅದೇ ದಿಕ್ಕು ತೋರಿದವು.

ಹಾಗಾದರೆ ಸಣ್ಣ ನಾಳದ ಸುದ್ದಿ?

ಇಷ್ಟು ಗೆಲುವಾದ ಮೇಲೆ ಇನ್ನೂ ಸಣ್ಣ, ಇನ್ನೂ ಆಳದ ನಾಳಗಳಿಗೂ ಹೋಗೋಣ ಎಂದು ಡಾಕ್ಟರು ಹೊರಟರು. 2025ರ ಫೆಬ್ರವರಿಯಲ್ಲಿ ಎರಡು ದೊಡ್ಡ ಪರೀಕ್ಷೆಗಳು ಒಟ್ಟಿಗೆ ಬಂದವು. ಎರಡರಲ್ಲೂ ಮಧ್ಯಮ ಮತ್ತು ಸಣ್ಣ ನಾಳಗಳಲ್ಲಿ ತಂತಿ ಹಾಕಿದ್ದರಿಂದ ಲಾಭ ಸಿಗಲಿಲ್ಲ. ಒಂದರಲ್ಲಿ ರಕ್ತಸ್ರಾವ, ಸಾವು ತಂತಿಯ ಗುಂಪಿನಲ್ಲೇ ಜಾಸ್ತಿ ಇದ್ದವು. ಸಣ್ಣ ನಾಳದ ಗೋಡೆ ತೆಳು, ತಂತಿ ತಾಗಿದರೆ ಹರಿಯುತ್ತದೆ. ಅಲ್ಲಿನ ಹೆಪ್ಪನ್ನು ಇಂಜೆಕ್ಷನ್ ಹೇಗೂ ಚೆನ್ನಾಗಿ ಕರಗಿಸುತ್ತದೆ. ಅಷ್ಟಕ್ಕೇ ದೊಡ್ಡ ನಾಳದ ಚಿಕಿತ್ಸೆಯೂ ಸುಳ್ಳು ಎಂದಾಗುವುದಿಲ್ಲ.

ಲಕ್ವ ಬಂದ ಹತ್ತು ಜನರಲ್ಲಿ ತಂತಿಯ ಚಿಕಿತ್ಸೆಗೆ ಸರಿಹೊಂದುವವರು ಹೆಚ್ಚೆಂದರೆ ಒಬ್ಬಿಬ್ಬರು. ಆದರೆ ಅತಿ ಕೆಟ್ಟ ಲಕ್ವ ಬರುವುದು ಅವರಿಗೇ. ಹಾಸಿಗೆ ಹಿಡಿಯುವವರು, ಮನೆಯ ಇನ್ನೊಬ್ಬರ ದುಡಿಮೆಯನ್ನೂ ನಿಲ್ಲಿಸುವಂಥ ಸ್ಥಿತಿಗೆ ಹೋಗುವವರು ಅವರೇ. ತೋಟದ ಕೊಯ್ಲಿನ ಹೊತ್ತಿಗೆ ಹೀಗಾದ ಒಂದು ಮನೆಯ ಗತಿ ಏನು ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ.

ನಮ್ಮ ದಾರಿಗಳು

ಈಗ ನಕ್ಷೆ ತೆರೆಯೋಣ. ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗೆ ಎರಡು ದಿಕ್ಕು ಇವೆ. ಒಂದು ಶಿವಮೊಗ್ಗ, ಅಲ್ಲಿಂದ ಮುಂದೆ 300 ಕಿಲೋಮೀಟರ್ ದೂರದ ಬೆಂಗಳೂರು. ಇನ್ನೊಂದು ಘಟ್ಟ ಇಳಿದು ಮಣಿಪಾಲ, ಮಂಗಳೂರು. ಆಗುಂಬೆ ಘಾಟಿಯ 14 ತಿರುವು, ಹುಲಿಕಲ್ ಘಾಟಿ, ಮಳೆಗಾಲದಲ್ಲಿ ಮಂಜು, ಗುಡ್ಡ ಕುಸಿತ, ಅಡ್ಡ ಬಿದ್ದ ಮರ. ಒಳಗಿನ ಎಷ್ಟೋ ಮನೆಗಳಿಂದ 108ಕ್ಕೆ ಫೋನ್ ಹಚ್ಚಲು ಮೊದಲು ನೆಟ್‌ವರ್ಕ್ ಸಿಗುವ ದಿಬ್ಬ ಹತ್ತಬೇಕು. ಆಂಬುಲೆನ್ಸ್ ಬಂದರೂ ಮನೆಯ ಅಂಗಳದವರೆಗೆ ಬರುವುದಿಲ್ಲ, ತೋಟದ ಸಂಕ ದಾಟಿಸಿ ರೋಗಿಯನ್ನು ಹೊತ್ತು ತರಬೇಕು.

ದಾರಿ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ ಎನ್ನುವುದಕ್ಕೆ ಶರಾವತಿ ಹಿನ್ನೀರೇ ಸಾಕ್ಷಿ. ತುಮರಿ, ಸಿಗಂದೂರು ಕಡೆಯವರು ದಶಕಗಟ್ಟಲೆ ಲಾಂಚ್ ನಂಬಿಕೊಂಡಿದ್ದರು. ಸಂಜೆ ಮೇಲೆ ಲಾಂಚ್ ಇರುತ್ತಿರಲಿಲ್ಲ. ರಾತ್ರಿ ಕಾಯಿಲೆ ಬಿದ್ದರೆ ಕಾಡಿನ ದಾರಿಯಲ್ಲಿ ಸುತ್ತಬೇಕಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಕ್ವದ ದೃಷ್ಟಿಯಿಂದ ನೋಡಿದರೆ ಆ ಸೇತುವೆ ಯಾವ ಹೊಸ ಸ್ಟೆಂಟಿಗೂ ಕಡಿಮೆ ಇಲ್ಲ. ಎಷ್ಟು ಅಗ್ಗದ ಸ್ಟೆಂಟ್ ಬಂದರೂ ಅದು ಕೆಲಸ ಮಾಡುವುದು ರೋಗಿ ಟೇಬಲ್ ಮೇಲೆ ಮಲಗಿದ ಮೇಲೆ. ಅದಕ್ಕೂ ಮುಂಚಿನ ಗಂಟೆಗಳನ್ನು ಉಳಿಸಲು ಅದಕ್ಕೆ ಬರುವುದಿಲ್ಲ.

ನೇರ ದೊಡ್ಡಾಸ್ಪತ್ರೆಗೋ, ಮೊದಲು ಹತ್ತಿರದ್ದಕ್ಕೋ?

ಮನೆಯವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಡಾಕ್ಟರ ನಡುವೆಯೂ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ಒಂದು: ಲಕ್ಷಣ ನೋಡಿದರೆ ದೊಡ್ಡ ನಾಳವೇ ಕಟ್ಟಿದಂತಿದೆ, ಹೇಗೂ ಕೊನೆಗೆ ದೊಡ್ಡಾಸ್ಪತ್ರೆಗೇ ಹೋಗಬೇಕು, ನಡುವೆ ನಿಂತರೆ ಒಂದೆರಡು ಗಂಟೆ ದಂಡ. ಇನ್ನೊಂದು: ಹತ್ತಿರದಲ್ಲೇ ಸಿಟಿ ಮಾಡಿ, ಸೋರಿಲ್ಲವಾದರೆ ಇಂಜೆಕ್ಷನ್ ಕೊಟ್ಟು, ಆಮೇಲೆ ಕಳಿಸಿ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ ನಗರದಿಂದ ದೂರದ ಊರುಗಳ 1,401 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡು ದಾರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ನೇರ ಹೋದವರಲ್ಲಿ ತಂತಿಯ ಚಿಕಿತ್ಸೆ ಸಿಕ್ಕವರು ಜಾಸ್ತಿ, ಹತ್ತಿರದ ಆಸ್ಪತ್ರೆಗೆ ಹೋದವರಲ್ಲಿ ಇಂಜೆಕ್ಷನ್ ಸಿಕ್ಕವರು ಜಾಸ್ತಿ. ಒಂದರ ಲಾಭ ಇನ್ನೊಂದರ ನಷ್ಟಕ್ಕೆ ಸರಿಹೋಯಿತು. ಆದರೆ ಅದೇ ಪರೀಕ್ಷೆಯಲ್ಲಿ ರಕ್ತ ಸೋರಿದ್ದವರ ಲೆಕ್ಕ ಬೇರೆ ತೆಗೆದಾಗ, ದೂರದ ಆಸ್ಪತ್ರೆಗೆ ನೇರ ಒಯ್ದದ್ದು ಅವರಿಗೆ ಕೆಟ್ಟದ್ದಾಗಿತ್ತು. ಬಿಪಿ ಏರಿದ, ವಾಂತಿ ಮಾಡುತ್ತಿರುವ ರೋಗಿಯನ್ನು ಘಾಟಿಯ ತಿರುವುಗಳಲ್ಲಿ ಇಳಿಸುವುದನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ.

ಕ್ಯಾಟಲೋನಿಯಾದ ಸಣ್ಣ ಆಸ್ಪತ್ರೆಗಳು ಚುರುಕಾಗಿದ್ದವು ಎನ್ನುವುದನ್ನೂ ಮರೆಯಬಾರದು. ಸ್ಕ್ಯಾನ್, ಇಂಜೆಕ್ಷನ್ ಮುಗಿಸಿ ರೋಗಿಯನ್ನು ಬೇಗ ಹೊರಡಿಸುತ್ತಿದ್ದವು. ಹತ್ತಿರದ ಆಸ್ಪತ್ರೆಯಲ್ಲಿ ಸಿಟಿಯೇ ಇಲ್ಲದಿದ್ದರೆ, ಇದ್ದರೂ ರಾತ್ರಿ ನಡೆಸುವವರು ಇಲ್ಲದಿದ್ದರೆ, ಅಲ್ಲಿಗೆ ಹೋಗುವುದು ಬರೀ ತಡ. ಬಿಪಿ ನೋಡಿ, ಡ್ರಿಪ್ ಹಾಕಿ, "ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ" ಎಂದು ಹೇಳಿಸಿಕೊಳ್ಳಲು ಕಳೆಯುವ ಒಂದು ಗಂಟೆಗೆ ಯಾವ ಬೆಲೆಯೂ ಇಲ್ಲ. ಹಾಗಾಗಿ ನನ್ನ ಮಟ್ಟಿಗೆ 'ಹತ್ತಿರದ ಆಸ್ಪತ್ರೆ' ಎಂದರೆ ಆ ಹೊತ್ತಿನಲ್ಲಿ ಸಿಟಿ ನಡೆಯುತ್ತಿರುವ, ಇಂಜೆಕ್ಷನ್ ಕೊಡುವ ಧೈರ್ಯ ಇರುವ ಅತ್ಯಂತ ಹತ್ತಿರದ ಆಸ್ಪತ್ರೆ. ಅದು ಯಾವುದು ಎಂದು ಊರಿನ ಆಶಾ ಕಾರ್ಯಕರ್ತೆಗೆ, ಆಂಬುಲೆನ್ಸಿನವರಿಗೆ, ಬಾಡಿಗೆ ಜೀಪಿನವರಿಗೂ ಮೊದಲೇ ಗೊತ್ತಿರಬೇಕು.

ಇಂಜೆಕ್ಷನ್ ಕೊಟ್ಟೇ ಕಳಿಸಿ ಎನ್ನುವ ವಾದಕ್ಕೆ 2025ರಲ್ಲಿ ಇನ್ನಷ್ಟು ಬಲ ಬಂತು. ಚೀನಾದ 550 ರೋಗಿಗಳ ಪರೀಕ್ಷೆಯಲ್ಲಿ, ನಾಲ್ಕೂವರೆ ಗಂಟೆಯೊಳಗೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು ಆಮೇಲೆ ಹೆಪ್ಪು ತೆಗೆದವರಲ್ಲಿ 100ಕ್ಕೆ 53 ಜನ ಸ್ವತಂತ್ರರಾದರು. ಇಂಜೆಕ್ಷನ್ ಇಲ್ಲದೆ ತಂತಿ ಮಾತ್ರ ಹಾಕಿದವರಲ್ಲಿ 44. ಈ ಟೆನೆಕ್ಟೆಪ್ಲೇಸ್ ನಮ್ಮಂಥ ಜಾಗಕ್ಕೆ ಹೇಳಿಮಾಡಿಸಿದ್ದು. ಹಳೆಯ ಔಷಧಿಯನ್ನು ಪಂಪ್ ಇಟ್ಟು ಒಂದು ಗಂಟೆ ಹರಿಸಬೇಕಿತ್ತು, ಆಂಬುಲೆನ್ಸಿನಲ್ಲಿ ಅದೊಂದು ಪರದಾಟ. ಇದನ್ನು ಒಂದೇ ಸಲ ಚುಚ್ಚಿ, ಬಾಗಿಲು ಹಾಕಿ ಹೊರಡಬಹುದು.

ತಂತಿಯ ಚಿಕಿತ್ಸೆ ಸಿಗುವ ದಾರಿಯೇ ಇಲ್ಲದವರಿಗಾಗಿಯೂ ಚೀನಾದಲ್ಲಿ ಒಂದು ಪರೀಕ್ಷೆ ನಡೆಯಿತು. ನಾಲ್ಕೂವರೆಯಿಂದ 24 ಗಂಟೆಯೊಳಗೆ ಬಂದ, ಸ್ಕ್ಯಾನ್‌ನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡವರಿಗೆ ಅದೇ ಇಂಜೆಕ್ಷನ್ ಕೊಟ್ಟರು. 2024ರ ಫಲಿತಾಂಶದಲ್ಲಿ 100ಕ್ಕೆ 33 ಜನ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡಿದ್ದರು, ಇಂಜೆಕ್ಷನ್ ಇಲ್ಲದವರಲ್ಲಿ 24. ಮೆದುಳಿನಲ್ಲಿ ರಕ್ತ ಸೋರಿದ್ದು ಇಂಜೆಕ್ಷನ್ ಗುಂಪಿನಲ್ಲಿ ಮೂರು, ಇನ್ನೊಂದರಲ್ಲಿ ಒಂದಕ್ಕಿಂತ ಕಡಿಮೆ. ಲಾಭ ಇದೆ, ಬೆಲೆಯೂ ಇದೆ. ಅದಕ್ಕೂ ಬೇಕಾಗುವುದು ಒಳ್ಳೆಯ ಸ್ಕ್ಯಾನ್ ಮತ್ತು ಅದನ್ನು ಓದಬಲ್ಲವರು.

'ಶಿವಮೊಗ್ಗಕ್ಕೇ ತನ್ನಿ' ಎನ್ನುವ ವಾದ

ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಸರ್ಕಾರಿ ಬೋಧನಾ ಆಸ್ಪತ್ರೆ ಇರುವ ಊರಿನಲ್ಲಿ ಹಗಲೂ ರಾತ್ರಿ ಹೆಪ್ಪು ತೆಗೆಯುವ ವ್ಯವಸ್ಥೆ ಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ನಗರದಲ್ಲಿ ಹೃದಯದ ಕ್ಯಾಥ್ ಲ್ಯಾಬ್‌ಗಳು, ಅಂದರೆ ಎಕ್ಸ್‌ರೇ ಪರದೆ ನೋಡಿಕೊಂಡು ತಂತಿ, ಕೊಳವೆ ಹಾಕುವ ಕೋಣೆಗಳು ಇವೆ, ಅವನ್ನೇ ಬಳಸಿ ಎಂದೂ ಕೆಲವರು ಹೇಳುತ್ತಾರೆ. ಇದಕ್ಕೆ ಬರುವ ಆಕ್ಷೇಪವನ್ನೂ ಕೇಳಬೇಕು. ಮಷಿನ್ ದುಡ್ಡು ಕೊಟ್ಟರೆ ಬರುತ್ತದೆ, ಕೈ ಬರುವುದಿಲ್ಲ. ಮೆದುಳಿನ ರಕ್ತನಾಳದ ಗೋಡೆ ಹೃದಯದ್ದಕ್ಕಿಂತ ತೆಳು, ತಿರುವು ಜಾಸ್ತಿ, ತಪ್ಪಿದರೆ ತಿದ್ದಲು ಅವಕಾಶ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀಚಿತ್ರಾದಂಥ ಸಂಸ್ಥೆಗಳಲ್ಲಿ ಇದಕ್ಕೆಂದೇ ತರಬೇತಿ ಇದೆ, ಅಲ್ಲಿಂದ ಹೊರಬರುವವರು ಕೆಲವೇ ಜನ. ಹೃದಯ ತಜ್ಞರಿಗೇ ತರಬೇತಿ ಕೊಟ್ಟು ಸಣ್ಣ ಊರುಗಳಲ್ಲಿ ಶುರು ಮಾಡಿ ಎನ್ನುವವರೂ ಇದ್ದಾರೆ. ಮೆದುಳನ್ನು ತಿಳಿಯದ ಕೈಗೆ ಕೊಡಬೇಡಿ ಎನ್ನುವವರೂ ಇದ್ದಾರೆ. ಸರಿಯಾದ ತರಬೇತಿ, ಪ್ರತಿ ಪ್ರಕರಣದ ಲೆಕ್ಕಪತ್ರ ಇದ್ದರೆ ಮೊದಲನೆಯ ದಾರಿಯನ್ನು ಮುಚ್ಚಬಾರದು ಎಂದು ನನಗನ್ನಿಸುತ್ತದೆ. ತಜ್ಞರೇ ಇಲ್ಲದೆ ಕಾಯುವುದಕ್ಕೂ ಜೀವದ ಬೆಲೆ ಇದೆ.

ಇನ್ನೊಂದು ತೊಡಕು ಲಕ್ವದ ಸಮಯ. ಅದು ರಾತ್ರಿ ಎರಡಕ್ಕೂ ಬರುತ್ತದೆ, ದೀಪಾವಳಿ ದಿನವೂ ಬರುತ್ತದೆ. ಒಬ್ಬರೇ ಡಾಕ್ಟರು ವರ್ಷದ 365 ದಿನ ಎದ್ದು ಕೂರಲಾರರು. ಮೂರು-ನಾಲ್ಕು ಜನರ ತಂಡ, ಅರಿವಳಿಕೆ ತಜ್ಞರು, ನರ್ಸು, ಟೆಕ್ನಿಷಿಯನ್ ಬೇಕು. ಲಕ್ವದ ತಂತಿ ಚಿಕಿತ್ಸೆಯೊಂದನ್ನೇ ನಂಬಿ ಅಂಥ ತಂಡವನ್ನು ಸಾಕುವುದು ಕಷ್ಟ.

ಇಂಟರ್ವೆನ್ಷನಲ್ ರೇಡಿಯಾಲಜಿಯನ್ನು ಇಡಿಯಾಗಿ ನೋಡಿದರೆ ಇಲ್ಲಿ ಒಂದು ದಾರಿ ಕಾಣುತ್ತದೆ. ಇದೇ ಟೇಬಲ್, ಇದೇ ಬಗೆಯ ಕೊಳವೆಗಳಿಂದ ಹೆರಿಗೆಯಾದ ಮೇಲೆ ನಿಲ್ಲದ ರಕ್ತಸ್ರಾವವನ್ನು ನಿಲ್ಲಿಸಬಹುದು. ಹಳೆಯ ಕ್ಷಯರೋಗದಿಂದ ಕೆಮ್ಮಿದಾಗ ಬಾಯಿತುಂಬ ರಕ್ತ ಬರುವವರ ಶ್ವಾಸಕೋಶದ ನಾಳವನ್ನು ಮುಚ್ಚಬಹುದು. ಅಪಘಾತದಲ್ಲಿ ಹರಿದ ಗುಲ್ಮದ ರಕ್ತ, ಡಯಾಲಿಸಿಸ್‌ಗೆಂದು ಮಾಡಿದ ರಕ್ತನಾಳದ ಜೋಡಣೆ (ಫಿಸ್ಟುಲಾ) ಮುಚ್ಚಿಕೊಂಡಿದ್ದು, ಗರ್ಭಕೋಶದ ಗಡ್ಡೆ, ಯಕೃತ್ತಿನ ಕ್ಯಾನ್ಸರ್, ಎಲ್ಲಕ್ಕೂ ಈ ಕೈಚಳಕ ಬೇಕು. ಇವು ದಿನವೂ ಬರುವ ಕೇಸುಗಳು. ಕೈ ಪಳಗುತ್ತದೆ, ತಂಡ ಉಳಿಯುತ್ತದೆ. ಮೆದುಳಿನ ಕೆಲಸಕ್ಕೆ ಹೆಚ್ಚಿನ ತರಬೇತಿ ಬೇಕು ನಿಜ, ಆದರೆ ಖಾಲಿ ಕೋಣೆಯಿಂದ ಶುರು ಮಾಡಬೇಕಾಗಿಲ್ಲ.

ಜರ್ಮನಿಯ ಬವೇರಿಯಾದಲ್ಲಿ ಇದನ್ನೇ ತಿರುಗಿಸಿ ನೋಡಿದ್ದಾರೆ. ರೋಗಿಯನ್ನು ಸಾಗಿಸುವ ಬದಲು ಡಾಕ್ಟರ ತಂಡವೇ ಹೆಲಿಕಾಪ್ಟರಿನಲ್ಲಿ ಸಣ್ಣ ಊರಿನ ಆಸ್ಪತ್ರೆಗೆ ಹಾರುತ್ತದೆ. ನಿರ್ಧಾರ ಮಾಡಿದ ಮೇಲೆ ಚಿಕಿತ್ಸೆ ಶುರುವಾಗಲು 148 ನಿಮಿಷ ಹಿಡಿಯುತ್ತಿದ್ದದ್ದು 58ಕ್ಕೆ ಇಳಿಯಿತು. ನಮ್ಮಲ್ಲಿ ಹೆಲಿಕಾಪ್ಟರ್ ಬೇಡ ಬಿಡಿ. ಆದರೆ ಅದು ಸಾಧ್ಯವಾದದ್ದು ಸಣ್ಣ ಊರಿನಲ್ಲಿ ಸಿಟಿಯೂ ಟೇಬಲ್ಲೂ ಮೊದಲೇ ಸಿದ್ಧವಾಗಿದ್ದರಿಂದ.

ಹೃದಯಕ್ಕೆ ಮಾಡಿದ್ದನ್ನು ಮೆದುಳಿಗೆ ಮಾಡಬಹುದಾ?

2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ತಜ್ಞರು ಅದನ್ನು ನೋಡಿ, ಬೇಕಾದವರಿಗೆ ಟೆನೆಕ್ಟೆಪ್ಲೇಸ್ ಅನ್ನು ಉಚಿತವಾಗಿ ಕೊಡುತ್ತಾರೆ. ಅದೇ ಔಷಧಿ! ಹಾಗಾದರೆ ಲಕ್ವಕ್ಕೂ ಅಲ್ಲೇ ಕೊಟ್ಟುಬಿಡಬಹುದಲ್ವಾ ಎಂದು ಕೇಳಿದರೆ ತಪ್ಪಿಲ್ಲ. ಕೊಡಲು ಬರುವುದಿಲ್ಲ. ಹೃದಯಾಘಾತವನ್ನು ಇಸಿಜಿಯ ಕಾಗದ ತೋರಿಸುತ್ತದೆ. ಲಕ್ವದಲ್ಲಿ ಸೋರಿದೆಯೋ ಕಟ್ಟಿದೆಯೋ ಎಂದು ಸಿಟಿ ಮಾತ್ರ ತೋರಿಸುತ್ತದೆ. ಸೋರಿದವರಿಗೆ ಈ ಔಷಧಿ ಕೊಟ್ಟರೆ ಪ್ರಾಣವೇ ಹೋಗಬಹುದು. ಅಂದರೆ ಔಷಧಿ ಆಗಲೇ ತಾಲ್ಲೂಕಿಗೆ ಬಂದಿದೆ, ಫೋನಿನಲ್ಲಿ ತಜ್ಞರನ್ನು ಕೇಳುವ ರೂಢಿಯೂ ಬಂದಿದೆ. ಬಾಕಿ ಇರುವುದು ರಾತ್ರಿಯೂ ನಡೆಯುವ ಸಿಟಿ ಮತ್ತು ಆ ಚಿತ್ರ ನೋಡಿ ಹತ್ತು ನಿಮಿಷದಲ್ಲಿ ಉತ್ತರ ಕೊಡುವ ನರರೋಗ ತಜ್ಞರು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮಲೆನಾಡಿನ ತಾಲ್ಲೂಕುಗಳಲ್ಲಿ ಮೊದಲು ಆಗಬೇಕಾದ ಕೆಲಸ ಇದೇ ಎಂದು ನಾನು ನಂಬುತ್ತೇನೆ. ತಂತಿಯ ಚಿಕಿತ್ಸೆ ಹತ್ತರಲ್ಲಿ ಒಬ್ಬಿಬ್ಬರಿಗೆ. ಸಿಟಿ ಹತ್ತಕ್ಕೆ ಹತ್ತೂ ಜನರಿಗೆ ಬೇಕು.

ಕಳಿಸುವ ಚೀಟಿಯಲ್ಲಿ

ಬಹಳ ಸಲ ಸಣ್ಣ ಆಸ್ಪತ್ರೆಯ ಚೀಟಿಯಲ್ಲಿ ಬಿಪಿ, ಶುಗರ್, 'ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ' ಎಂದಷ್ಟೇ ಇರುತ್ತದೆ. ಮುಂದಿನ ಡಾಕ್ಟರಿಗೆ ಮೊದಲು ಬೇಕಾಗುವುದು ಒಂದೇ ಸಂಗತಿ: ರೋಗಿ ಚೆನ್ನಾಗಿದ್ದದ್ದನ್ನು ಕೊನೆಗೆ ನೋಡಿದ್ದು ಯಾವಾಗ. 'ಬೆಳಿಗ್ಗೆ ಆರಕ್ಕೆ ಲಕ್ವ ಹೊಡೆಯಿತು' ಎಂದು ಬರೆದರೆ ತಪ್ಪಾಗುತ್ತದೆ, ಆರಕ್ಕೆ ಮನೆಯವರು ನೋಡಿದ್ದು ಅಷ್ಟೇ. ರಾತ್ರಿ ಒಂಬತ್ತೂವರೆಗೆ ಊಟ ಮಾಡಿ, ಎಲೆ ಅಡಿಕೆ ಹಾಕಿ, ಮಾತಾಡಿ ಮಲಗಿದರು ಎಂದಿದ್ದರೆ ಗಡಿಯಾರ ಶುರುವಾಗುವುದು ಒಂಬತ್ತೂವರೆಯಿಂದ. ಆ ಒಂದು ಸಾಲಿನ ಮೇಲೆ ಇಂಜೆಕ್ಷನ್ ಕೊಡಬೇಕೋ ಬೇಡವೋ, ವಿಶೇಷ ಸ್ಕ್ಯಾನ್ ಬೇಕೋ ಎನ್ನುವುದು ನಿಂತಿರುತ್ತದೆ. ಹಾಗಾಗಿ ಅದನ್ನು ಕಂಡ ಮನೆಯವರೇ ಆಂಬುಲೆನ್ಸ್ ಹತ್ತಬೇಕು, ಪಕ್ಕದ ಮನೆಯ ಹುಡುಗನನ್ನು ಕಳಿಸಿದರೆ ಸಾಲದು.

ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದಾರಾ, ಕೊನೆಯ ಮಾತ್ರೆ ಯಾವಾಗ ಎನ್ನುವುದೂ ಅದೇ ಚೀಟಿಯಲ್ಲಿರಬೇಕು. ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆಯ ಚೀಲವನ್ನೇ ತೆಗೆದುಕೊಂಡು ಹೋಗಿ. ಸಿಟಿ ಆಗಿದ್ದರೆ ಅದರ ಚಿತ್ರಗಳು ರೋಗಿಗಿಂತ ಮೊದಲೇ ಫೋನಿನಲ್ಲಿ ಮುಂದಿನ ಆಸ್ಪತ್ರೆ ಮುಟ್ಟಬೇಕು. ದಾರಿಯಲ್ಲಿ ನೀರು, ಕಷಾಯ, ಎಣ್ಣೆ ಏನನ್ನೂ ಬಾಯಿಗೆ ಹಾಕಬಾರದು, ಗಂಟಲೂ ಸೋತಿರುತ್ತದೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಾಟಿ ಔಷಧಿ ಮಾಡುವವರ ಮನೆಗೆ ಹೋಗುವುದಿದ್ದರೆ ಆಸ್ಪತ್ರೆಯಿಂದ ಬಂದ ಮೇಲೆ ಹೋಗಬಹುದು.

ಹೊರಡಿಸುವ ಮುಂಚೆ ಒಂದು ಫೋನ್. ಆ ಕಡೆ ಟೇಬಲ್ ಖಾಲಿ ಇದೆಯಾ, ತಂತಿ ಹಾಕುವ ಡಾಕ್ಟರು ಇವತ್ತು ಊರಲ್ಲಿದ್ದಾರಾ, ಜುಲೈ ತಿಂಗಳಾದರೆ ಘಾಟಿ ತೆರೆದಿದೆಯಾ.